ರ‍್ಯಾಪಿನಲ್ಲಿ ‘ನಾನು’ ಅಂದವನು ಯಾರು?

ಮಾನ್ಯ ಸಂಪಾದಕರೇ,

ರ‍್ಯಾಪ್ ಕುರಿತು ನಮ್ಮ ಪತ್ರಿಕೆಗಳಲ್ಲಿ ಬರುವ ಬರಹಗಳು ಬಹುಪಾಲು ಎರಡೇ ದಾರಿ ತುಳಿಯುತ್ತವೆ. ಒಂದೋ ಅದು ಬರೀ ಬೈಗುಳ, ಮಕ್ಕಳ ಕಿವಿಗೆ ಬೀಳಬಾರದ್ದು ಎಂದು ತಳ್ಳಿಹಾಕುತ್ತವೆ. ಇಲ್ಲವೇ ಇದೇ ಇಂದಿನ ತತ್ತ್ವಪದ, ರ‍್ಯಾಪರನೇ ಇಂದಿನ ಸಾಕ್ರಟೀಸ್ ಎಂದು ಹೊತ್ತು ಮೆರೆಸುತ್ತವೆ. ಬೈದವರೂ ಹೊಗಳಿದವರೂ ಹಾಡಿನ ಒಂದು ಸಾಲನ್ನು ಕಿತ್ತು ಮುಂದಿಟ್ಟು ತೀರ್ಪು ಬರೆದುಬಿಡುತ್ತಾರೆ. ಆ ಸಾಲು ಹೇಳುತ್ತಿರುವ ‘ನಾನು’ ಯಾರು, ಯಾರಿಗೆ ಹೇಳುತ್ತಿದ್ದಾನೆ, ಅದಕ್ಕೆ ಬಂದ ಜವಾಬು ಏನು ಎಂದು ಕೇಳುವವರು ಕಡಿಮೆ. ರ‍್ಯಾಪಿಗೂ ತತ್ತ್ವಶಾಸ್ತ್ರಕ್ಕೂ ಇರುವ ಗಟ್ಟಿ ನಂಟು ಈ ಮೂರು ಪ್ರಶ್ನೆಗಳಲ್ಲಿದೆ. ಅದನ್ನು ವಿವರವಾಗಿ ಹೇಳಬೇಕೆಂದೇ ಇಷ್ಟುದ್ದದ ಪತ್ರ.

ಮೊದಲಿಗೆ ಹೆಸರುಗಳ ನಂಟನ್ನು ಬದಿಗಿಡೋಣ. ಅಮೆರಿಕದ ರ‍್ಯಾಪರ್ ಟುಪಾಕ್ ಶಕೂರ್ 1995ರಲ್ಲಿ ಜೈಲಿನಲ್ಲಿದ್ದಾಗ ಇಟಲಿಯ ರಾಜಕೀಯ ಚಿಂತಕ ಮಾಕಿಯವೆಲ್ಲಿಯನ್ನು ಓದಿದರು, ‘ಮಕಾವೆಲಿ’ ಎಂಬ ಹೆಸರಿಟ್ಟುಕೊಂಡರು, ಆ ಹೆಸರಿನ ಆಲ್ಬಮ್ 1996ರ ನವೆಂಬರಿನಲ್ಲಿ, ಅವರು ಸತ್ತ ಎರಡು ತಿಂಗಳಿಗೆ ಹೊರಬಂತು. ಕೆಆರ್‌ಎಸ್-ವನ್ ಎಂಬ ರ‍್ಯಾಪರ್ 1988ರಲ್ಲಿ ‘ಮೈ ಫಿಲಾಸಫಿ’ ಎಂದೇ ಒಂದು ಹಾಡಿಗೆ ಹೆಸರಿಟ್ಟರು. ತಮ್ಮನ್ನು ‘ಟೀಚರ್’ ಎಂದು ಕರೆದುಕೊಂಡರು. ತತ್ತ್ವಶಾಸ್ತ್ರದ ಕಡೆಯಿಂದಲೂ ಕೈ ಚಾಚಿದ್ದುಂಟು: ರಿಚರ್ಡ್ ಶುಸ್ಟರ್‌ಮನ್ ಎಂಬ ಸೌಂದರ್ಯಮೀಮಾಂಸಕರು 1991ರಲ್ಲೇ ರ‍್ಯಾಪನ್ನು ಕಲೆಯೆಂದು ವಾದಿಸಿ ಪ್ರಬಂಧ ಬರೆದರು; 2005ರಲ್ಲಿ ಡೆರಿಕ್ ಡಾರ್ಬಿ ಮತ್ತು ಟಾಮಿ ಶೆಲ್ಬಿ ತತ್ತ್ವಶಾಸ್ತ್ರದ ಅಧ್ಯಾಪಕರಿಂದ ಹಿಪ್‌ಹಾಪ್ ಬಗ್ಗೆ ಬರೆಯಿಸಿ ಒಂದು ಸಂಕಲನ ತಂದರು. ಇವೆಲ್ಲ ತಿಳಿದಿರಬೇಕಾದ ಸಂಗತಿಗಳೇ. ಆದರೆ ಒಬ್ಬ ರ‍್ಯಾಪರ್ ಯಾರನ್ನು ಓದಿದ್ದಾನೆ ಎಂಬುದರಿಂದ ಅವನ ಪದ್ಯದಲ್ಲಿ ಚಿಂತನೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಈಗ ‘ನಾನು’ ವಿಷಯ. ಅಮೆರಿಕದ ನ್ಯೂಜೆರ್ಸಿಯಲ್ಲಿ ಕೊಲೆಯತ್ನದ ಆರೋಪಿಯೊಬ್ಬನ ವಿಚಾರಣೆ ನಡೆದಾಗ, ಅವನು ಬರೆದಿಟ್ಟಿದ್ದ ರ‍್ಯಾಪ್ ಸಾಲುಗಳ 13 ಪುಟಗಳನ್ನು ಜ್ಯೂರಿಯ (ತಪ್ಪಿತಸ್ಥನೋ ಅಲ್ಲವೋ ಎಂದು ನಿರ್ಧರಿಸುವ ನಾಗರಿಕರ ತಂಡದ) ಮುಂದೆ ಗಟ್ಟಿಯಾಗಿ ಓದಿದರು. ಅವುಗಳಲ್ಲಿ ಕೆಲವನ್ನು ಘಟನೆಗಿಂತ ವರ್ಷಗಳ ಹಿಂದೆಯೇ ಬರೆಯಲಾಗಿತ್ತು. ಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ ರದ್ದಾಯಿತು, 2014ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ರದ್ದತಿಯನ್ನು ಎತ್ತಿಹಿಡಿಯಿತು. ತೀರ್ಪು ಹೇಳಿದ್ದು ಸರಳವಾಗಿದೆ: ಷೆರಿಫನಿಗೆ ಗುಂಡು ಹೊಡೆದೆ ಎಂದು ಹಾಡಿದ ಬಾಬ್ ಮಾರ್ಲಿ ನಿಜಕ್ಕೂ ಹೊಡೆದಿದ್ದ ಎಂದು ಯಾರೂ ತಿಳಿಯುವುದಿಲ್ಲ, ಹಲಗೆ ನೆಲದಡಿ ಹೆಣ ಹೂತ ಕಥೆ ಬರೆದ ಎಡ್ಗರ್ ಅಲನ್ ಪೋ ಹಾಗೆ ಮಾಡಿದ್ದ ಎಂದೂ ತಿಳಿಯುವುದಿಲ್ಲ. ಸಾಲಿನಲ್ಲಿರುವ ವಿವರಕ್ಕೂ ನಡೆದ ಅಪರಾಧದ ವಿವರಕ್ಕೂ ಗಟ್ಟಿ ಕೊಂಡಿ ಇದ್ದರೆ ಮಾತ್ರ ಅದನ್ನು ಜ್ಯೂರಿಯ ಮುಂದೆ ಇಡಬಹುದು ಎಂದಿತು ಕೋರ್ಟ್. ಕ್ಯಾಲಿಫೋರ್ನಿಯಾ 2022ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು. 2023ರ ಜನವರಿಯಿಂದ ಅಲ್ಲಿ ಇಂಥ ಸಾಲುಗಳನ್ನು ಸಾಕ್ಷ್ಯವಾಗಿ ತರುವ ಮುನ್ನ, ಜ್ಯೂರಿ ಇಲ್ಲದ ಹೊತ್ತಿನಲ್ಲಿ ನ್ಯಾಯಾಧೀಶರು ಅದರ ತೂಕ ಎಷ್ಟು, ಅದು ಹುಟ್ಟಿಸುವ ಪೂರ್ವಗ್ರಹ ಎಷ್ಟು ಎಂದು ಅಳೆಯಬೇಕು.

ನುಡಿಯುವುದು ಬೇರೆ, ನುಡಿದದ್ದಕ್ಕೆ ತಾನು ಹೊಣೆ ಎಂದು ಪ್ರತಿಪಾದಿಸುವುದು ಬೇರೆ; ಇದು ಭಾಷೆಯ ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ. ಕರಾವಳಿ, ಮಲೆನಾಡಿನ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಾಳಮದ್ದಲೆಯಲ್ಲಿ ವಾಲಿಯ ಅರ್ಥ ಹೇಳುವವರು ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ತಾಸುಗಟ್ಟಲೆ ತರಾಟೆಗೆ ತೆಗೆದುಕೊಳ್ಳುತ್ತಾರೆ. ವೇಷವಿಲ್ಲ, ಬಣ್ಣವಿಲ್ಲ, ಪಂಚೆ ಶಾಲು ಅಷ್ಟೇ. ಆದರೂ ‘ನಾನು’ ಅಂದರೆ ವಾಲಿ ಎಂದು ಸಭೆಗೆ ಗೊತ್ತು. ಅರ್ಥಧಾರಿಯ ಮೇಲೆ ರಾಮದ್ವೇಷಿ ಎಂದು ಯಾರೂ ದೂರು ಕೊಡುವುದಿಲ್ಲ. ರ‍್ಯಾಪರ್ ವಿಷಯದಲ್ಲಿ ಒಂದು ತೊಡಕಿದೆ, ಅದನ್ನು ಒಪ್ಪಬೇಕು: ಅವನು ತನ್ನದೇ ಓಣಿಯ ಹೆಸರು, ತನ್ನದೇ ಅಡ್ಡಹೆಸರು ಹಾಕಿ ಹಾಡುತ್ತಾನೆ. ‘ನಾನು ಬದುಕಿದ್ದನ್ನೇ ಹೇಳುತ್ತಿದ್ದೇನೆ’ ಎಂಬುದೇ ಆ ಕಲೆಯ ಪ್ರತಿಷ್ಠೆ. ಮುಖವಾಡ ಹಾಕಿಕೊಂಡು ಇದು ಮುಖವಾಡವಲ್ಲ ಎಂದು ಹೇಳುವ ಕಲೆ ಅದು. ಪೊಲೀಸರು ಎಡವುವುದೂ ಅಭಿಮಾನಿಗಳು ಎಡವುವುದೂ ಇದೇ ಹೊಸ್ತಿಲಲ್ಲಿ.

ಹಾಗಂತ ‘ಅದು ಪಾತ್ರ ಆಡಿದ ಮಾತು’ ಎಂದ ಕೂಡಲೇ ಎಲ್ಲವೂ ಮಾಫ್ ಆಗುವುದಿಲ್ಲ. 1990ರಲ್ಲಿ ಫ್ಲಾರಿಡಾದಲ್ಲಿ ಟು ಲೈವ್ ಕ್ರೂ ತಂಡದ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆದಾಗ ಸಾಹಿತ್ಯ ವಿದ್ವಾಂಸ ಹೆನ್ರಿ ಲೂಯಿಸ್ ಗೇಟ್ಸ್ ತಂಡದ ಪರ ಸಾಕ್ಷಿ ಹೇಳಿದರು. ಕಪ್ಪು ಜನರ ಆಡುಮಾತಿನಲ್ಲಿ ‘ಸಿಗ್ನಿಫೈಯಿಂಗ್’ ಎಂಬ ಪರಂಪರೆ ಇದೆ, ಉತ್ಪ್ರೇಕ್ಷೆ ಮಾಡಿ, ಅಣಕಿಸಿ, ಸುತ್ತು ಹಾಕಿ ಚುಚ್ಚುವ ಕಲೆ ಅದು, ಅಕ್ಷರಶಃ ಓದಬಾರದು ಎಂದರು. ನಮ್ಮ ನಿಂದಾಸ್ತುತಿ, ಕೊಂಕುನುಡಿಗಳ ನೆನಪಾಗುತ್ತದೆ. ತಂಡ ಖುಲಾಸೆಯಾಯಿತು. ಮರುವರ್ಷ ಕಾನೂನು ಚಿಂತಕಿ ಕಿಂಬರ್ಲಿ ಕ್ರೆನ್‌ಶಾ ಇದಕ್ಕೆ ಕೊಟ್ಟ ಉತ್ತರ ಇವತ್ತಿಗೂ ಸಾಣೆ ಹಿಡಿದಂತಿದೆ. ಈ ಮೊಕದ್ದಮೆಯಲ್ಲಿ ಜನಾಂಗದ್ವೇಷ ಇತ್ತು ಎಂಬುದನ್ನು ಅವರು ಒಪ್ಪಿದರು. ಜೊತೆಗೇ ಕೇಳಿದರು: ಈ ಉತ್ಪ್ರೇಕ್ಷೆಯ ಆಟಕ್ಕೆ ದಾಳವಾಗುತ್ತಿರುವುದು ಯಾರ ಮೈ? ಕಪ್ಪು ಹೆಂಗಸರದ್ದು. ಪರಂಪರೆ ಎಂಬ ಗುರಾಣಿ ಅವರನ್ನು ಕಾಯುವುದಿಲ್ಲ. ‘ನಾನು’ ಯಾರು ಎಂದು ಕೇಳಿದ ಮೇಲೆ ‘ನೀನು’ ಯಾರು ಎಂದೂ ಕೇಳಲೇಬೇಕು ಎಂಬುದು ಕ್ರೆನ್‌ಶಾ ಕಲಿಸಿದ ಪಾಠ. ಕನ್ನಡ ರ‍್ಯಾಪಿನಲ್ಲಿ ಹೆಣ್ಣಿನ ಬಗ್ಗೆ ಬರುವ ಸಾಲುಗಳನ್ನು ವಿಮರ್ಶಿಸುವವರು ಬರೀ ‘ಅಸಭ್ಯ’ ಎಂಬ ಪದದಲ್ಲಿ ಮುಗಿಸದೆ ಈ ಪ್ರಶ್ನೆಯನ್ನು ಹಿಡಿದರೆ ವಿಮರ್ಶೆಗೆ ಬಲ ಬರುತ್ತದೆ.

ಎರಡನೆಯ ಪ್ರಶ್ನೆ, ಯಾರಿಗೆ ಹೇಳುತ್ತಿದ್ದಾನೆ ಎಂಬುದು, ರ‍್ಯಾಪ್ ಹುಟ್ಟಿದ ಜಾಗದಲ್ಲೇ ಇದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಜ್‌ವಿಕ್ ಅವೆನ್ಯೂದ 1520ನೇ ನಂಬರಿನ ವಠಾರದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಶಾಲೆ ಶುರುವಾಗುವ ಮುಂಚೆ ಬಟ್ಟೆಬರೆಗೆ ದುಡ್ಡು ಕೂಡಿಸಲು ಒಂದು ಪಾರ್ಟಿ ಇಟ್ಟುಕೊಂಡಳು. ಪ್ರವೇಶಕ್ಕೆ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಅವಳ ಅಣ್ಣ, ಜಮೈಕಾದಿಂದ ಬಂದ ಕ್ಲೈವ್, ಅಂದರೆ ಡಿಜೆ ಕೂಲ್ ಹರ್ಕ್, ಅಲ್ಲಿ ರೆಕಾರ್ಡ್ ಹಾಕಿದವರು. ಹಾಡಿನಲ್ಲಿ ಗಾಯನ ನಿಂತು ಬರೀ ತಾಳವಾದ್ಯ ಮಾತ್ರ ಉಳಿಯುವ ಕೆಲವು ಸೆಕೆಂಡುಗಳ ‘ಬ್ರೇಕ್’ ಬಂದಾಗ ಜನ ಹೆಚ್ಚು ಕುಣಿಯುತ್ತಾರೆ ಎಂದು ಅವರು ಗಮನಿಸಿದ್ದರು. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್ ಮೇಲಿಟ್ಟು, ಒಂದರಲ್ಲಿ ಬ್ರೇಕ್ ಮುಗಿಯುವ ಹೊತ್ತಿಗೆ ಇನ್ನೊಂದರಲ್ಲಿ ಅದೇ ಬ್ರೇಕಿನ ತಲೆಗೆ ಮುಳ್ಳು ಇಳಿಸಿ, ಕೆಲವು ಸೆಕೆಂಡನ್ನು ಕೆಲವು ನಿಮಿಷಕ್ಕೆ ಎಳೆಯುವ ಉಪಾಯ ಅವರದು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬ ಇನ್ನೊಬ್ಬ ಡಿಜೆ ಇದನ್ನು ಇನ್ನಷ್ಟು ಕರಾರುವಾಕ್ ಮಾಡಿದರು: ರೆಕಾರ್ಡಿನ ಮೇಲೆ ಬಳಪದಿಂದ ಗುರುತು ಹಾಕಿ, ಎಷ್ಟು ಸುತ್ತು ಹಿಂದಕ್ಕೆ ತಿರುಗಿಸಿದರೆ ಬ್ರೇಕಿನ ತಲೆ ಸಿಗುತ್ತದೆ ಎಂದು ಲೆಕ್ಕವಿಟ್ಟರು. ಹೀಗೆ ಖಾಲಿ ತಾಳ ಉದ್ದವಾದಾಗ ಅದರ ಮೇಲೆ ಮಾತಾಡಲು ಜಾಗ ಸಿಕ್ಕಿತು. ಎದುರಿಗೆ ಜನ ಇದ್ದರು, ಅವರು ಹಿಂತಿರುಗಿ ಮಾತಾಡಬಲ್ಲವರಾಗಿದ್ದರು. ಒಂಟಿಯಾಗಿ ಕೂತು ಬರೆದ ಕವಿತೆಗೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲಿಂದ ಶುರು.

ರ‍್ಯಾಪರುಗಳು ವೃತ್ತವಾಗಿ ನಿಂತು ಸರದಿಯಂತೆ ಆಶು ಹೇಳುವುದಕ್ಕೆ ‘ಸೈಫರ್’ ಎನ್ನುತ್ತಾರೆ. ಸೈಫರ್ ಎಂದರೆ ಸೊನ್ನೆ. ಈ ಮಾತಿನ ಹಿಂದೆ ಒಂದು ಚಿಂತನಾ ಪಂಥವೇ ಇದೆ. 1964ರಲ್ಲಿ ಹಾರ್ಲೆಮ್‌ನಲ್ಲಿ ಕ್ಲಾರೆನ್ಸ್ 13ಎಕ್ಸ್ ಹುಟ್ಟುಹಾಕಿದ ‘ಫೈವ್ ಪರ್ಸೆಂಟ್’ ಪಂಥದಲ್ಲಿ ಪ್ರತಿ ಅಂಕಿಗೂ ಒಂದು ತತ್ತ್ವ: 1 ಅರಿವು, 2 ವಿವೇಕ, 3 ತಿಳಿವಳಿಕೆ, ಹೀಗೆ ಸಾಗಿ 0 ಎಂದರೆ ಸೈಫರ್, ಪೂರ್ಣ ವೃತ್ತ. ನೂರರಲ್ಲಿ 85 ಜನ ಕತ್ತಲಲ್ಲಿದ್ದಾರೆ, 10 ಜನ ಸತ್ಯ ಗೊತ್ತಿದ್ದೂ ಮುಚ್ಚಿಡುತ್ತಾರೆ, ಉಳಿದ 5 ಜನ ಬಡ ಬೋಧಕರು. ಹೆಸರು ಬಂದದ್ದು ಅಲ್ಲಿಂದ. ರಾಕಿಮ್, ಬ್ರ್ಯಾಂಡ್ ನೂಬಿಯನ್, ವು-ಟ್ಯಾಂಗ್ ಕ್ಲ್ಯಾನ್ ಸದಸ್ಯರ ಸಾಲುಗಳಲ್ಲಿ ಇದರ ಪರಿಭಾಷೆ ತುಂಬಿ ತುಳುಕುತ್ತದೆ. ಮಾತೇ ಮುಚ್ಚಳಿಕೆ ಎಂಬರ್ಥದ ‘ವರ್ಡ್ ಈಸ್ ಬಾಂಡ್’ ರ‍್ಯಾಪಿನ ಮೂಲಕ ಲೋಕಕ್ಕೆಲ್ಲ ಹರಡಿದ್ದು ಇದೇ ಪಂಥದ ಮಾತು. ಇದು ಗೊತ್ತಿಲ್ಲದೆ 1980–90ರ ದಶಕದ ನ್ಯೂಯಾರ್ಕ್ ರ‍್ಯಾಪನ್ನು ಅರ್ಥೈಸಲು ಹೊರಟರೆ, ಬೆಡಗಿನ ವಚನವನ್ನು ಪದಕೋಶ ಹಿಡಿದು ಓದಿದ ಹಾಗಾಗುತ್ತದೆ. ಈ ಪಂಥ ಹೇಳುವುದೆಲ್ಲ ಒಪ್ಪತಕ್ಕದ್ದು ಎಂದು ಅರ್ಥವಲ್ಲ; ಎಂಬತ್ತೈದು ಜನರನ್ನು ಮೂಢರೆಂದು ಮೊದಲೇ ಬರೆದಿಟ್ಟ ಜ್ಞಾನಮೀಮಾಂಸೆಯಲ್ಲಿ ಅಹಂಕಾರದ ಬೀಜವೂ ಇದೆ. ಆದರೆ ಅದು ಮೀಮಾಂಸೆ ಹೌದು.

ಮೂರನೆಯದು ಜವಾಬು. ಎದುರಾಬದುರು ನಿಂತು ನಡೆಸುವ ‘ಬ್ಯಾಟಲ್’ ನೋಡಿದವರಿಗೆ ಅದು ಬೈದಾಟ ಅನ್ನಿಸುವುದು ಸಹಜ. ಅದರ ಬೇರು ‘ಡಜನ್ಸ್’ ಎಂಬ ಓಣಿಯಾಟದಲ್ಲಿದೆ. ಒಬ್ಬರ ಮನೆಯವರನ್ನು ಇನ್ನೊಬ್ಬರು ಹೀಯಾಳಿಸುತ್ತಾ ಹೋಗಬೇಕು, ಮೊದಲು ತಾಳ್ಮೆ ಕಳೆದುಕೊಂಡವ ಸೋತ. ಆದರೆ ಒಳ್ಳೆಯ ಬ್ಯಾಟಲ್‌ಗೆ ಕಟ್ಟುಪಾಡು ಇದೆ, ಅದನ್ನು ತೂಗಲು ನಮ್ಮ ಹಳೆಯ ತರ್ಕಪಂಥವಾದ ನ್ಯಾಯದರ್ಶನದ ತಕ್ಕಡಿ ಬೆರಗಾಗುವಷ್ಟು ಸರಿಹೊಂದುತ್ತದೆ. ನ್ಯಾಯಸೂತ್ರ ಮಾತಿನ ಚಕಮಕಿಯನ್ನು ಮೂರಾಗಿ ವಿಂಗಡಿಸುತ್ತದೆ: ಸತ್ಯ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನದೊಂದು ಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯನ್ನು ಕೆಡಹುವುದಷ್ಟೇ ಗುರಿಯಾದರೆ ವಿತಂಡ. ಸೈಫರ್ ತನ್ನ ಒಳ್ಳೆಯ ಗಳಿಗೆಯಲ್ಲಿ ವಾದಕ್ಕೆ ಹತ್ತಿರ, ಬ್ಯಾಟಲ್ ಹೆಚ್ಚಾಗಿ ಜಲ್ಪ, ಸೋಷಿಯಲ್ ಮೀಡಿಯಾದಲ್ಲಿ ಒಬ್ಬರ ಮೇಲೊಬ್ಬರು ಬಿಡುವ ‘ಡಿಸ್’ ಹಾಡುಗಳಲ್ಲಿ ಬಹಳಷ್ಟು ವಿತಂಡ. ಇದೇ ಸೂತ್ರಗ್ರಂಥದ ಕೊನೆಯ ಅಧ್ಯಾಯದಲ್ಲಿ 22 ನಿಗ್ರಹಸ್ಥಾನಗಳ ಪಟ್ಟಿ ಇದೆ, ಅಂದರೆ ವಾದಿ ಸೋತನೆಂದು ಸಭೆ ಘೋಷಿಸಬಹುದಾದ ಜಾಗಗಳು. ಉತ್ತರ ಹೊಳೆಯದೆ ನಿಂತುಬಿಡುವುದು ‘ಅಪ್ರತಿಭಾ’. ಬ್ಯಾಟಲ್‌ನವರು ಇದನ್ನೇ ‘ಚೋಕ್’ ಆದ ಅನ್ನುತ್ತಾರೆ. ಹಿಂದಿನ ಸುತ್ತಿನ ಸಾಲನ್ನೇ ಮತ್ತೆ ತಂದರೆ ‘ಪುನರುಕ್ತ’. ಮೂರು ಸಲ ಹೇಳಿದರೂ ಸಭೆಗಾಗಲಿ ಎದುರಾಳಿಗಾಗಲಿ ತಿಳಿಯದಿದ್ದರೆ ‘ಅವಿಜ್ಞಾತಾರ್ಥ’, ವೇಗಕ್ಕಾಗಿಯೇ ವೇಗವಾಗಿ ಹೇಳುವವರ ರೋಗ. ಸಭೆಗೆ ತಿಳಿದ ಎದುರಾಳಿಯ ಮಾತನ್ನು ಮರುನುಡಿಯಲಾರದೆ ಹೋದರೆ ‘ಅನನುಭಾಷಣ’. ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಮನೆಯಲ್ಲಿ ಬರೆದು ತಂದದ್ದನ್ನು ಒಪ್ಪಿಸುವವನಿಗೂ, ಎದುರಿನವನು ಈಗಷ್ಟೇ ಆಡಿದ ಮಾತನ್ನು ಹಿಡಿದು ಮಗುಚುವವನಿಗೂ ಇರುವ ಅಂತರವನ್ನು ನೋಡುಗರು ಕ್ಷಣದಲ್ಲಿ ಗುರುತಿಸುತ್ತಾರೆ, ಕೂಗು ಬೀಳುವುದು ಎರಡನೆಯವನಿಗೆ.

ಒಂದು ಕಡೆ ಮಾತ್ರ ಈ ತಕ್ಕಡಿ ಹೊಂದುವುದಿಲ್ಲ, ಅದೇ ಕುತೂಹಲದ ಜಾಗ. ಎಮಿನೆಮ್ ನಟಿಸಿದ 2002ರ ‘8 ಮೈಲ್’ ಸಿನಿಮಾದ ಕೊನೆಯ ಬ್ಯಾಟಲ್‌ನಲ್ಲಿ ನಾಯಕ ತನ್ನ ಬಡತನ, ತನಗಾದ ಅವಮಾನ ಎಲ್ಲವನ್ನೂ ತಾನೇ ಮೊದಲು ಹೇಳಿಬಿಡುತ್ತಾನೆ. ಎದುರಾಳಿಗೆ ಹೇಳಲು ಏನೂ ಉಳಿಯದೆ ಮೈಕು ಹಿಂತಿರುಗಿಸುತ್ತಾನೆ. ತನ್ನ ಮೇಲಿನ ದೋಷವನ್ನು ಒಪ್ಪಿಕೊಂಡು ‘ನಿನ್ನಲ್ಲೂ ಇದೆಯಲ್ಲ’ ಎನ್ನುವುದನ್ನು ನೈಯಾಯಿಕರು ‘ಮತಾನುಜ್ಞಾ’ ಎಂದು ಸೋಲಿನ ಲೆಕ್ಕಕ್ಕೆ ಬರೆಯುತ್ತಾರೆ. ರ‍್ಯಾಪಿನಲ್ಲಿ ಒಪ್ಪಿಕೊಳ್ಳುವುದೇ ಅಸ್ತ್ರವಾಗಬಲ್ಲದು. ಏಕೆಂದರೆ ಅಲ್ಲಿ ಸಭೆ ತೂಗುತ್ತಿರುವುದು ಮಾತಿನ ಸಿಂಧುತ್ವವನ್ನಷ್ಟೇ ಅಲ್ಲ, ಆಡಿದವನ ಪ್ರಾಮಾಣಿಕತೆಯನ್ನೂ.

ಇನ್ನು ಒಂದು ಹಾಡನ್ನು ಹತ್ತಿರದಿಂದ ನೋಡೋಣ. ಕೆಂಡ್ರಿಕ್ ಲಮಾರ್ 2017ರ ‘ಡ್ಯಾಮ್’ ಆಲ್ಬಮಿಗೆ 2018ರಲ್ಲಿ ಸಂಗೀತದ ಪುಲಿಟ್ಜರ್ ಪಡೆದರು. ಶಾಸ್ತ್ರೀಯ ಮತ್ತು ಜಾಝ್ ಬಿಟ್ಟು ಬೇರೆ ಸಂಗೀತಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಅದರ ಕೊನೆಯ ಹಾಡು ‘ಡಕ್‌ವರ್ತ್’. ಅದು ಲಮಾರ್ ಅವರ ಮನೆತನದ ಹೆಸರು. ಕಥೆ ಇಷ್ಟು: ಆಂಥೊನಿ ಎಂಬ ಯುವಕ ಒಂದು ಕೆಎಫ್‌ಸಿ ಅಂಗಡಿ ದೋಚುವ ಯೋಜನೆಯಲ್ಲಿದ್ದಾನೆ. ಕೌಂಟರಿನಲ್ಲಿ ಕೆಲಸ ಮಾಡುವ ಡಕಿ ಅವನ ಚಹರೆ ಅರಿತವನು. ಅವನು ಬಂದಾಗಲೆಲ್ಲ ದುಡ್ಡಿಲ್ಲದೆ ಚಿಕನ್ ಕೊಡುತ್ತಾನೆ, ಜೊತೆಗೆ ಎರಡು ಬಿಸ್ಕತ್ತು, ಅಂದರೆ ಅಲ್ಲಿನ ಮೆತ್ತನೆಯ ಬನ್ನು, ಹೆಚ್ಚಿಗೆ ಹಾಕುತ್ತಾನೆ. ದರೋಡೆಯಲ್ಲಿ ಡಕಿ ಉಳಿದುಕೊಳ್ಳುತ್ತಾನೆ. ಡಕಿ ಲಮಾರ್ ಅವರ ಅಪ್ಪ. ಆಂಥೊನಿ ಮುಂದೆ ಲಮಾರ್ ಅವರನ್ನು ಬೆಳೆಸಿದ ರೆಕಾರ್ಡ್ ಕಂಪನಿಯ ಯಜಮಾನ. ಹಾಡು ಕೊನೆಗೊಳ್ಳುವುದು ಒಂದು ‘ಒಂದುವೇಳೆ’ಯಲ್ಲಿ: ಅಂದು ಅಪ್ಪ ಸತ್ತಿದ್ದರೆ ಒಬ್ಬ ಜೈಲಿನಲ್ಲಿರುತ್ತಿದ್ದ, ಇನ್ನೊಬ್ಬ ಅಪ್ಪನಿಲ್ಲದೆ ಬೆಳೆದು ಗುಂಡೇಟಿಗೆ ಬಲಿಯಾಗುತ್ತಿದ್ದ. ಆಮೇಲೆ ಗುಂಡಿನ ಸದ್ದು, ಇಡೀ ಆಲ್ಬಮ್ ಹಿಂದಕ್ಕೆ ಸುತ್ತಿಕೊಂಡು ಮೊದಲ ಹಾಡಿನ ಮೊದಲ ಮಾತಿಗೆ ಬಂದು ನಿಲ್ಲುತ್ತದೆ.

ತತ್ತ್ವಜ್ಞಾನಿಗಳಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ 1976ರಲ್ಲಿ ‘ನೈತಿಕ ಅದೃಷ್ಟ’ ಎಂಬ ಸಮಸ್ಯೆಯನ್ನು ಎತ್ತಿದ್ದರು: ನಮ್ಮ ಕೈಯಲ್ಲಿಲ್ಲದ ಸಂಗತಿಗಳು ನಾವು ಒಳ್ಳೆಯವರೋ ಕೆಟ್ಟವರೋ ಎಂಬ ತೀರ್ಪನ್ನೇ ಬದಲಿಸುವುದಾದರೆ, ಆ ತೀರ್ಪಿಗೆ ಏನು ನೆಲೆ? ಲಮಾರ್ ಅದೇ ಸಮಸ್ಯೆಯನ್ನು ಎರಡು ಬನ್ನಿನ ಮೇಲೆ ನಿಲ್ಲಿಸಿದ್ದಾರೆ. ಹಾಡಿನ ತಿರುವು ಇರುವುದು ಇಲ್ಲಿ: ಡಕಿಯ ಔದಾರ್ಯ ಕರುಣೆಯೋ, ಜೀವ ಉಳಿಸಿಕೊಳ್ಳುವ ಜಾಣತನವೋ? ಎರಡೂ ಹೌದು. ಹಾಡು ಅದನ್ನು ಬಿಡಿಸಿ ಹೇಳುವುದಿಲ್ಲ. ನಿರ್ಮಾಪಕ ನೈನ್ತ್ ವಂಡರ್ ಕೊಟ್ಟ ಮೂರು ಬೇರೆಬೇರೆ ಬೀಟುಗಳು (ಮಾತಿನಡಿ ನಡೆಯುವ ತಾಳ-ಸಂಗೀತ) ಒಂದೇ ಹಾಡಿನಲ್ಲಿ ಬದಲಾಗುವುದರಿಂದ ಕಾಲಿನಡಿಯ ನೆಲವೇ ಸರಿದ ಅನುಭವವಾಗುತ್ತದೆ, ವಿಷಯಕ್ಕೆ ತಕ್ಕಂತೆ. 2017ರ ಡಿಸೆಂಬರಿನಲ್ಲಿ ಲಮಾರ್ ಆಲ್ಬಮಿನ ಹಾಡುಗಳನ್ನು ಕೊನೆಯಿಂದ ಮೊದಲಿಗೆ ಜೋಡಿಸಿದ ಆವೃತ್ತಿಯನ್ನೂ ತಂದರು. ಒಂದೇ ಬದುಕನ್ನು ಎರಡು ದಿಕ್ಕಿನಿಂದ ಓದಿ ನೋಡಿ ಎಂಬ ಆಹ್ವಾನ. ಇದರಲ್ಲಿ ಯಾವ ತತ್ತ್ವಜ್ಞಾನಿಯ ಹೆಸರೂ ಇಲ್ಲ.

ಇಷ್ಟನ್ನು ಎಷ್ಟು ಜಾಗದಲ್ಲಿ ಹೇಳಬೇಕು ಎಂಬ ಲೆಕ್ಕವೂ ಓದುಗರಿಗೆ ತಿಳಿದಿರಲಿ. ಸಾಮಾನ್ಯವಾಗಿ ಒಂದು ‘ವರ್ಸ್’ ಎಂದರೆ 16 ಬಾರ್. ಒಂದು ಬಾರ್‌ಗೆ ನಾಲ್ಕು ಪೆಟ್ಟು, ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಸ್ನೇರ್ ಎಂಬ ಚುರುಕು ಸದ್ದಿನ ಡ್ರಮ್. ನಿಮಿಷಕ್ಕೆ 90 ಪೆಟ್ಟಿನ ವೇಗವಿದ್ದರೆ ಒಂದು ಬಾರ್ ಸುಮಾರು 2.67 ಸೆಕೆಂಡ್, 16 ಬಾರ್ ಸುಮಾರು 43 ಸೆಕೆಂಡ್. ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಅದಕ್ಕೆ ಕಾರಣ), ಉದಾಹರಣೆ, ಎದುರಾಳಿಯ ಆಕ್ಷೇಪಕ್ಕೆ ಉತ್ತರ, ಎಲ್ಲವೂ ಆ 43 ಸೆಕೆಂಡಿನಲ್ಲಿ ಆಗಬೇಕು, ಉಸಿರಿಗೂ ಬಿಡುವು ಇಟ್ಟುಕೊಂಡು.

ಕನ್ನಡದಲ್ಲಿ ರ‍್ಯಾಪ್ ಬರೆಯುವವರಿಗೆ ಇಲ್ಲಿ ಒಂದು ವರ ಇದೆ, ಅನೇಕರು ಗಮನಿಸಿಲ್ಲ. ಪ್ರತಿ ಪೆಟ್ಟನ್ನು ನಾಲ್ಕಾಗಿ ಸೀಳಿದರೆ ಒಂದು ಬಾರ್‌ಗೆ 16 ಮನೆ. ಒಂದು ಮನೆಗೆ ಒಂದು ಮಾತ್ರೆ, ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಇಟ್ಟರೆ ನಾಲ್ಕು ಮಾತ್ರೆಯ ನಾಲ್ಕು ಗಣ ಒಂದು ಬಾರ್‌ನಲ್ಲಿ ಕೂತುಕೊಳ್ಳುತ್ತದೆ. ಕಂದಪದ್ಯದ ಲೆಕ್ಕ ಹಾಕಿ ನೋಡಿ: ಮೊದಲ ಸಾಲು 12 ಮಾತ್ರೆ, ಎರಡನೆಯದು 20, ಒಟ್ಟು 32, ಅಂದರೆ ಕರಾರುವಾಕ್ಕಾಗಿ ಎರಡು ಬಾರ್. ಪೂರ್ತಿ ಕಂದ 64 ಮಾತ್ರೆ, ನಾಲ್ಕು ಬಾರ್. ಶರ ಷಟ್ಪದಿಯ ಅರ್ಧ 8, 8 ಮತ್ತು 14, ಒಟ್ಟು 30. ಎರಡು ಮಾತ್ರೆ ಉಸಿರಿಗೆ ಬಿಟ್ಟರೆ ಅದೂ ಎರಡು ಬಾರ್. ಆದರೆ ಮೂರು-ನಾಲ್ಕರ ನಡೆಯ ಭಾಮಿನಿಯನ್ನೋ, ಐದು ಮಾತ್ರೆಯ ಗಣಗಳಲ್ಲಿ ನಡೆಯುವ ಕಗ್ಗವನ್ನೋ ಇದೇ ಬೀಟಿನ ಮೇಲೆ ಹೇರಿದರೆ ಕೆಡುತ್ತದೆ. ಕಗ್ಗದ ಮೊದಲ ಸಾಲು 20 ಮಾತ್ರೆ. 16 ಮನೆಯಲ್ಲಿ ನಾಲ್ಕು ಹೊರಗುಳಿದು, ಗಣದ ತಲೆ ಸ್ನೇರ್ ಪೆಟ್ಟಿನಿಂದ ಜಾರಿ, ಪದ ಮಧ್ಯದಲ್ಲಿ ಒಡೆದು ಕೇಳಿಸುತ್ತದೆ. ತತ್ತ್ವದ ಪದ್ಯಕ್ಕೆ ಬೀಟು ಹಾಕಿದರೆ ತತ್ತ್ವದ ರ‍್ಯಾಪ್ ಆಯಿತು ಎಂದುಕೊಂಡವರು ಸೋಲುವುದು ಈ ಲೆಕ್ಕದಲ್ಲೇ.

ಪ್ರಾಸದ ಸಂಗತಿ ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ಓಡುತ್ತಾನೆ, ಹಾಡುತ್ತಾನೆ, ಬೇಡುತ್ತಾನೆ’ ಎಂದು ಎಷ್ಟು ಬೇಕಾದರೂ ಪ್ರಾಸ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕಿದ್ದು ಏನನ್ನೂ ಹೇಳುವುದಿಲ್ಲ. ಪ್ರಾಸ ಎರಡು ಪದಗಳನ್ನು ಎದುರುಬದುರು ಕೂರಿಸಿ ಇವೆರಡಕ್ಕೂ ಸಂಬಂಧ ಇದೆ ಎಂದು ಸಾಧಿಸಬೇಕು. ಉದಾಹರಣೆಗೆಂದೇ ಕಟ್ಟಿದ ಎರಡು ಬಾರ್ ಇಲ್ಲಿದೆ:

ಹಸಿದವ ಕೇಳಿದ ಅನ್ನದ ಲೆಕ್ಕ
ಹುಸಿನಗೆ ನಕ್ಕವ ನುಂಗಿದ ಹಕ್ಕ

ಪ್ರತಿ ಸಾಲಿನಲ್ಲೂ ನಾಲ್ಕು ಮಾತ್ರೆಯ ಮೂರು ಗಣ, ಕೊನೆಯ ಗಣದಲ್ಲಿ ಮೂರು ಮಾತ್ರೆ ಮತ್ತು ಒಂದು ಮೌನ. ‘ಹಸಿ’ ಮತ್ತು ‘ಹುಸಿ’ ನಮ್ಮ ಹಳೆಯ ಆದಿಪ್ರಾಸ, ‘ಲೆಕ್ಕ’ ಮತ್ತು ‘ಹಕ್ಕ’ ಅಂತ್ಯಪ್ರಾಸ. ಲೆಕ್ಕ ಕೇಳುವುದೇ ಹಕ್ಕು ಕೇಳುವುದು ಎಂಬ ಮಾತನ್ನು ವಾಕ್ಯ ಹೇಳಿಲ್ಲ, ಪ್ರಾಸ ಹೇಳಿದೆ. ಅನುವಾದದಲ್ಲಿ ಮೊದಲು ಸಾಯುವುದು ಇದು. ಇಂಗ್ಲಿಷ್ ರ‍್ಯಾಪಿನ ಸಾಲನ್ನು ಕನ್ನಡದ ಗದ್ಯಕ್ಕೆ ಇಳಿಸಿ ‘ಇದರಲ್ಲೇನಿದೆ’ ಎಂದು ಕೇಳುವವರು, ವಾದದ ಅರ್ಧವನ್ನು ತಾವೇ ತೆಗೆದುಹಾಕಿದ್ದೇವೆ ಎಂಬುದನ್ನು ಮರೆಯುತ್ತಾರೆ.

ಉಸಿರಿನ ತಪ್ಪು ಮತ್ತೊಂದು. ನಾಲ್ಕು ಬಾರ್‌ಗೊಮ್ಮೆಯಾದರೂ ಕೊನೆಯ ಪೆಟ್ಟನ್ನು ಖಾಲಿ ಬಿಡದಿದ್ದರೆ ಹಾಡುವವರು ವಾಕ್ಯದ ಬಾಲವನ್ನು ನುಂಗುತ್ತಾರೆ. ಇಂಗ್ಲಿಷಿನಲ್ಲಿ ಅದು ಅಷ್ಟು ಹಾನಿಯಲ್ಲ. ಕನ್ನಡದಲ್ಲಿ ಮಾಡಿದವನು ನಾನೋ ಅವನೋ ಎಂಬುದೂ, ‘ಇಲ್ಲ’ ಎಂಬ ನಿಷೇಧವೂ ಇರುವುದು ಆ ಬಾಲದಲ್ಲೇ. ‘ಒಪ್ಪುವುದಿಲ್ಲ’ದ ‘ಇಲ್ಲ’ ಬೀಟಿನಡಿ ಮುಚ್ಚಿಹೋದರೆ ಇಡೀ ಪ್ರತಿಜ್ಞೆಯೇ ತಲೆಕೆಳಗು. ಈ ಪತ್ರದ ಮೊದಲ ಪ್ರಶ್ನೆಗೆ, ‘ನಾನು’ ಯಾರು ಎಂಬುದಕ್ಕೆ, ಕನ್ನಡದಲ್ಲಿ ‘ಏನೆ’ಯೋ ‘ಆನೆ’ಯೋ ಎಂಬ ಒಂದು ಪ್ರತ್ಯಯ ಉತ್ತರ ಕೊಡುತ್ತದೆ, ಅದನ್ನು ಕೇಳಿಸುವಂತೆ ಹೇಳುವುದು ರ‍್ಯಾಪರನ ಹೊಣೆ.

ತಾಳಕ್ಕೆ ಕಟ್ಟಿದ ವಾದ ನಮಗೆ ಹೊಸದಲ್ಲ ಎಂಬುದನ್ನು ಉತ್ತರ ಕರ್ನಾಟಕದ ಓದುಗರು ನೆನಪಿಸಿಯಾರು. ಗೀಗೀ ಮೇಳಗಳಲ್ಲಿ ಹರದೇಶಿಯವರು ಪುರುಷ ಹೆಚ್ಚೆಂದು, ನಾಗೇಶಿಯವರು ಪ್ರಕೃತಿ ಹೆಚ್ಚೆಂದು ದಪ್ಪು, ತುಂತುಣಿ, ತಾಳದ ಮೇಲೆ ಸವಾಲು-ಜವಾಬು ನಡೆಸುತ್ತಾರೆ. ಶಿವ-ಶಕ್ತಿಯ ತತ್ತ್ವವಿಚಾರ ಜಾತ್ರೆಯ ಬಯಲಿನಲ್ಲಿ ಬೆಳತನಕ ನಡೆಯುತ್ತದೆ. ಬ್ರಾಂಕ್ಸ್ ಇದರಿಂದ ಹುಟ್ಟಿತು ಎಂದು ಹೇಳುವುದು ಹುಚ್ಚುತನ, ಎರಡಕ್ಕೂ ಬೇರೆಬೇರೆ ತಾಯಿಬೇರು. ಆದರೆ ಗೀಗೀ ಪದ ಕೇಳಿ ತೂಗಬಲ್ಲ ಕಿವಿಗೆ ಬ್ಯಾಟಲ್ ತೂಗುವುದು ಕಷ್ಟವಾಗಬಾರದು.

ಕಾಲೇಜಿನಲ್ಲಿ ತರ್ಕ ಅಥವಾ ತತ್ತ್ವಶಾಸ್ತ್ರ ಕಲಿಸುವವರು 50 ನಿಮಿಷದ ಒಂದು ಪೀರಿಯಡ್‌ನಲ್ಲಿ ಇದನ್ನು ಮಾಡಿನೋಡಬಹುದು. 16 ಬಾರ್‌ನ ಒಂದೇ ವರ್ಸ್ ಆಯ್ದುಕೊಳ್ಳಿ, ಇಡೀ ಹಾಡು ಬೇಡ. ಕಾಗದ ಕೊಡದೆ ಎರಡು ಸಲ ಕೇಳಿಸಿ. ಎರಡು ನಿಮಿಷವೂ ಹಿಡಿಯುವುದಿಲ್ಲ. ಆಮೇಲೆ ಸಾಲುಗಳನ್ನು ಹಂಚಿ, ಪ್ರತಿಯೊಬ್ಬರೂ ‘ನಾನು’ ಯಾರು, ‘ನೀನು’ ಯಾರು ಎಂದು ಒಂದೊಂದು ವಾಕ್ಯ ಬರೆಯಲಿ. ಇದಕ್ಕೆ ಹತ್ತು ನಿಮಿಷ ಕೊಡಿ, ಉತ್ತರಗಳು ಬೇರೆಬೇರೆಯಾಗಿರುತ್ತವೆ, ಅದೇ ಬೇಕಾದದ್ದು. ನಂತರ ಪ್ರತಿಜ್ಞೆಯ ಸಾಲಿಗೆ ಒಂದು ಗೆರೆ, ಕಾರಣದ ಸಾಲಿಗೆ ಎರಡು ಗೆರೆ ಎಳೆಯಲಿ. ಹೇಳದೆ ಬಿಟ್ಟ ಕಾರಣವನ್ನು ಅಂಚಿನಲ್ಲಿ ಬರೆಯಲಿ. ಕೊನೆಯ ಇಪ್ಪತ್ತು ನಿಮಿಷದಲ್ಲಿ ನಾಲ್ಕು ಬಾರ್‌ನ ಜವಾಬು ಕಟ್ಟಲಿ, ಷರತ್ತು ಒಂದೇ: ಮೊದಲ ಬಾರ್‌ನಲ್ಲಿ ಎದುರಾಳಿಯ ಮಾತನ್ನು ಅವನೂ ಒಪ್ಪುವಂತೆ ಮರುನುಡಿಯಬೇಕು. ಫೋನಿನಲ್ಲಿ ತಾಳ ಹಾಕುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 80 ಪೆಟ್ಟಿಗೆ ಇಟ್ಟರೆ ಹೊಸಬರಿಗೆ ಸಾಕು.

ಕೆಡುವ ಜಾಗಗಳೂ ಗೊತ್ತಿರಲಿ. ಬಹಳ ಜನಪ್ರಿಯ ಹಾಡು ಆಯ್ದರೆ ವಿದ್ಯಾರ್ಥಿಗಳು ಅಭಿಮಾನಿಗಳಾಗಿ ಮಾತಾಡುತ್ತಾರೆ, ವಾದ ಕಾಣುವುದಿಲ್ಲ. ಮೇಷ್ಟ್ರು ಮೊದಲೇ ಅರ್ಥ ಬಿಡಿಸಿಬಿಟ್ಟರೆ ‘ನಾನು’ ಪ್ರಶ್ನೆಯೇ ಸತ್ತುಹೋಗುತ್ತದೆ. ಜವಾಬು ಬರೆಯುವಾಗ ಪ್ರಾಸ ಸಿಕ್ಕಿತೆಂದು ತೀರ್ಮಾನವನ್ನೇ ಬದಲಿಸುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಅದಕ್ಕೆ ಮದ್ದು, ಪ್ರಾಸ ಹುಡುಕುವ ಮುನ್ನ ತೀರ್ಮಾನವನ್ನು ಗದ್ಯದಲ್ಲಿ ಬರೆದಿಡಿಸುವುದು. ಜಾತಿ, ಮೈಬಣ್ಣ, ಮನೆಯವರ ಮೇಲೆ ಮಾತು ತಿರುಗಿದರೆ ಅಲ್ಲಿಗೇ ನಿಲ್ಲಿಸಿ, ಅದು ವಿತಂಡದ ಯಾವ ಹಂತ ಎಂದು ತರಗತಿಯನ್ನೇ ಕೇಳಿ.

ತಮ್ಮ ಪತ್ರಿಕೆಗೆ ಒಂದು ವಿನಂತಿ. ಮುಂದೆ ರ‍್ಯಾಪ್ ಆಲ್ಬಮಿನ ವಿಮರ್ಶೆ ಪ್ರಕಟಿಸುವಾಗ ಕಿತ್ತ ಒಂದು ಸಾಲಿನ ಬದಲು ಕನಿಷ್ಠ ನಾಲ್ಕು ಬಾರ್ ಒಟ್ಟಿಗೆ ಅಚ್ಚು ಹಾಕಿ, ಸಾಲು ಎಲ್ಲಿ ಒಡೆಯುತ್ತದೋ ಅಲ್ಲೇ ಒಡೆದು. ಅದನ್ನು ಹೇಳುತ್ತಿರುವುದು ಹಾಡಿನೊಳಗಿನ ಯಾವ ಪಾತ್ರ, ಅದು ಯಾವುದಕ್ಕೆ ಜವಾಬು ಎಂದು ವಿಮರ್ಶಕರು ಒಂದು ವಾಕ್ಯದಲ್ಲಾದರೂ ಬರೆಯಲಿ. ಬೀಟು ಕಟ್ಟಿದವರ ಹೆಸರನ್ನೂ ಹಾಕಿ. ಅವರಿಲ್ಲದೆ ಆ 16 ಮನೆಗಳೇ ಇರುವುದಿಲ್ಲ.

ಇಂತಿ,
ತತ್ತ್ವಶಾಸ್ತ್ರದ ಒಬ್ಬ ಬೋಧಕ,
ಧಾರವಾಡ